ಎರಡೇ ಬಾಟಲಿ ರಕ್ತ ಸಾಕಾಗಿತ್ತಾ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಹೋದ ತಿಂಗಳು ನಮ್ಮ ಅಪ್ಪಾಜಿಗೆ (62 ವರ್ಷ) ಇದ್ದಕ್ಕಿದ್ದಂತೆ ರಕ್ತ ವಾಂತಿ ಆಯಿತು. ಎರಡು ದಿನದಿಂದ ಮಲ ಕಪ್ಪಗೆ ಹೋಗುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ 9.8 ಅಂದರು. ದಾವಣಗೆರೆಗೆ ಕರೆತಂದು ಐಸಿಯುಗೆ ಸೇರಿಸಿದೆವು. ಬೆಳಗ್ಗೆ ನೋಡಿದರೆ 6.6. ಎಂಡೋಸ್ಕೋಪಿ ಮಾಡಿ ಹೊಟ್ಟೆಯಲ್ಲಿ ಹುಣ್ಣು ಇದೆ ಅಂದರು. ಎರಡು ಬಾಟಲಿ ರಕ್ತ ಹಾಕಿದರು, 8.2 ಆಯಿತು. ಆಮೇಲೆ ಎಷ್ಟು ಕೇಳಿದರೂ ಹಾಕಲಿಲ್ಲ. ಊರಿಂದ ಎಂಟು ಜನ ಟೆಂಪೋ ಮಾಡಿಕೊಂಡು ರಕ್ತ ಕೊಡಲು ಬಂದಿದ್ದರು. ಪಕ್ಕದ ಬೆಡ್‌ನಲ್ಲಿ ಹೈವೇಯಲ್ಲಿ ಬೈಕ್ ಅಪಘಾತವಾದ ಹುಡುಗನಿಗೆ ಒಂದೇ ರಾತ್ರಿ ಹದಿನಾಲ್ಕು ಬಾಟಲಿ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇವೆ. ಮಗ ನಾನಿದ್ದೇನೆ, ನನ್ನ ರಕ್ತವನ್ನೇ ಹಾಕಿ ಅಂದರೆ ಅದಕ್ಕೂ ಒಪ್ಪಲಿಲ್ಲ. ಈಗ ಮನೆಗೆ ಬಂದಿದ್ದಾರೆ. ಹಿಮೋಗ್ಲೋಬಿನ್ 8.4. ಸುಸ್ತು ಅಂತಾರೆ. 'ನೀನು ಗಟ್ಟಿಯಾಗಿ ಕೇಳಲಿಲ್ಲ' ಅಂತ ದೊಡ್ಡಪ್ಪ ದಿನಾ ಬೈಯುತ್ತಾರೆ. ನಮ್ಮಿಂದ ತಪ್ಪಾಯಿತಾ? ಈಗಲಾದರೂ ಇನ್ನೆರಡು ಬಾಟಲಿ ಹಾಕಿಸಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ನಿಮ್ಮ ಅಪ್ಪಾಜಿಗೆ ಬೇಕಾದಷ್ಟು ರಕ್ತ ಹಾಕಿದ್ದಾರೆ. ನೀವು ಬರೆದಿರುವುದನ್ನು ನೋಡಿದರೆ ಈಗ ಇನ್ನೆರಡು ಬಾಟಲಿ ಬೇಕಾಗಿಲ್ಲ. ಇದನ್ನು ದೊಡ್ಡಪ್ಪನವರಿಗೂ ಓದಿ ಹೇಳಿ. ತಮ್ಮನ ಮೇಲಿನ ಜೀವಕ್ಕೆ ಅವರು ಸಿಟ್ಟಾಗಿದ್ದಾರೆ, ಅಷ್ಟೇ.

ನಾನು ದಾವಣಗೆರೆಯಲ್ಲಿ ಐಸಿಯು ಕೆಲಸ ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಎಲ್ಲಿಂದಲೇ ಬರಲಿ, ಮನೆಯವರು ಬಾಗಿಲಲ್ಲೇ ಕೇಳುವ ಮೊದಲ ಮಾತು ಒಂದೇ: 'ಡಾಕ್ಟ್ರೇ, ರಕ್ತ ಎಷ್ಟು ಬೇಕು ಹೇಳಿ, ಜನ ಕರೆಸ್ತೀವಿ.' ಆ ಮಾತು ಕೇಳಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಆದರೆ ಅದರ ಜೊತೆಗೇ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು ಅನಿಸುತ್ತದೆ: 'ರಕ್ತ ಎಲ್ಲಿಂದ ಹೋಗ್ತಿದೆ, ಅದನ್ನ ಯಾವಾಗ ನಿಲ್ಲಿಸ್ತೀರಿ?' ನಾಲೆ ನೀರಿನ ಗದ್ದೆ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬದು ಒಡೆದು ನೀರು ಹೋಗುತ್ತಿದ್ದರೆ ಯಾರೂ ತೂಬು ಇನ್ನಷ್ಟು ಎತ್ತುವುದಿಲ್ಲ. ಮೊದಲು ಒಡೆದ ಕಡೆ ಮಣ್ಣು ಹಾಕುತ್ತಾರೆ. ನಿಮ್ಮ ಅಪ್ಪಾಜಿಗೆ ಆ ಮಣ್ಣು ಹಾಕುವ ಕೆಲಸ ಆಗಿದ್ದು ಎಂಡೋಸ್ಕೋಪಿಯಲ್ಲಿ. ಸಾಮಾನ್ಯವಾಗಿ ಹುಣ್ಣಿನ ಬುಡಕ್ಕೆ ಇಂಜೆಕ್ಷನ್ ಕೊಡುತ್ತಾರೆ, ರಕ್ತನಾಳಕ್ಕೆ ಕ್ಲಿಪ್ ಹಾಕುತ್ತಾರೆ ಅಥವಾ ಸುಡುತ್ತಾರೆ. ಜೊತೆಗೆ ಆಸಿಡ್ ತಗ್ಗಿಸುವ ಔಷಧಿ ಕೊಡುತ್ತಾರೆ. ಅಲ್ಲಿಯ ತನಕ ಜೀವ ಹಿಡಿದಿಡುವುದಕ್ಕೆ ರಕ್ತ.

ಈಗ ನಿಮ್ಮನ್ನು ಹೆದರಿಸಿದ ಆ ಸಂಖ್ಯೆಯ ವಿಷಯ. ರಾತ್ರಿ 9.8 ಇದ್ದದ್ದು ಬೆಳಗ್ಗೆ 6.6 ಹೇಗಾಯಿತು? 'ಆಸ್ಪತ್ರೆಗೆ ಬಂದ ಮೇಲೇ ಇಷ್ಟೊಂದು ರಕ್ತ ಹೋಯ್ತು' ಅಂತ ನಿಮಗೆ ಅನಿಸಿರುತ್ತದೆ. ಎಲ್ಲರಿಗೂ ಹಾಗೇ ಅನಿಸುತ್ತದೆ. ಹಿಮೋಗ್ಲೋಬಿನ್ ಅಂದರೆ ದೇಹದಲ್ಲಿರುವ ಒಟ್ಟು ರಕ್ತದ ಲೆಕ್ಕವಲ್ಲ. ರಕ್ತ ಎಷ್ಟು ಗಟ್ಟಿ ಇದೆ ಅನ್ನುವ ಲೆಕ್ಕ. ಒಂದು ಪಾತ್ರೆ ಮಜ್ಜಿಗೆಯಲ್ಲಿ ಅರ್ಧ ಚೆಲ್ಲಿ ಹೋಯಿತು ಅನ್ನಿ. ಉಳಿದ ಅರ್ಧ ಅಷ್ಟೇ ಗಟ್ಟಿಯಾಗಿರುತ್ತದೆ, ಅಲ್ವಾ? ನೀರು ಬೆರೆಸಿದಾಗಲೇ ಅದು ತೆಳ್ಳಗಾಗುವುದು. ದೇಹವೂ ಹಾಗೇ. ರಕ್ತ ಹೋದ ಮೇಲೆ ಸುತ್ತಲಿನ ನೀರಿನಂಶವನ್ನು ನಿಧಾನಕ್ಕೆ ರಕ್ತನಾಳದೊಳಗೆ ಎಳೆದುಕೊಳ್ಳುತ್ತದೆ. ನಾವು ಸಲೈನ್ ಕೂಡ ಹಾಕಿರುತ್ತೇವೆ. ಹೀಗಾಗಿ ಹಿಂದಿನ ದಿನ ಹೋದ ರಕ್ತದ ನಿಜವಾದ ಲೆಕ್ಕ ಮರುದಿನ ಬೆಳಗ್ಗೆ ಕಾಣುತ್ತದೆ.

ಇದಕ್ಕೇ ನಾವು ರಕ್ತಸ್ರಾವ ಆಗುತ್ತಿರುವಾಗ ಆ ಒಂದು ಸಂಖ್ಯೆಯನ್ನು ನಂಬಿ ಕೂರುವುದಿಲ್ಲ. ನಾಡಿ ಎಷ್ಟು ಓಡುತ್ತಿದೆ, ಬಿಪಿ ನಿಂತಿದೆಯಾ, ಕೈಕಾಲು ತಣ್ಣಗಿದೆಯಾ, ಮೂತ್ರ ಬರುತ್ತಿದೆಯಾ, ಮಾತು ಸರಿಯಾಗಿದೆಯಾ, ದೇಹಕ್ಕೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಜಾಸ್ತಿಯಾಗುವ ಲ್ಯಾಕ್ಟೇಟ್ ಏರುತ್ತಿದೆಯಾ ಅಂತ ನೋಡುತ್ತೇವೆ. ಹಿಮೋಗ್ಲೋಬಿನ್ 10 ಇದ್ದೂ ಸಾಯುವ ಸ್ಥಿತಿಯಲ್ಲಿರುವವರನ್ನು ನೋಡಿದ್ದೇನೆ. 6.5 ಇದ್ದು ಬೆಡ್ ಮೇಲೆ ಕೂತು 'ಚಾ ಯಾವಾಗ ಕೊಡ್ತೀರಿ' ಅಂತ ಕೇಳಿದವರನ್ನೂ ನೋಡಿದ್ದೇನೆ.

ಇನ್ನು ಎರಡೇ ಬಾಟಲಿ ಯಾಕೆ ಅನ್ನುವುದಕ್ಕೆ ಬರೋಣ.

ನಾವು ಓದುವಾಗ ಹೇಳಿಕೊಡುತ್ತಿದ್ದುದು 10ರ ಲೆಕ್ಕ. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿದ್ದರೆ ರಕ್ತ ಹಾಕು. 1999ರಲ್ಲಿ ಕೆನಡಾದ ಐಸಿಯುಗಳಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ ಬಂತು. 838 ರೋಗಿಗಳು. ಅರ್ಧ ಜನರಿಗೆ 10ಕ್ಕಿಂತ ಇಳಿದಾಗ ರಕ್ತ, ಇನ್ನರ್ಧಕ್ಕೆ 7ಕ್ಕಿಂತ ಇಳಿದಾಗ ಮಾತ್ರ. ಜಾಸ್ತಿ ರಕ್ತ ಪಡೆದವರು ಹೆಚ್ಚು ಬದುಕಲಿಲ್ಲ. ಆದರೆ ಅದರಲ್ಲಿದ್ದವರು ಜೋರಾಗಿ ರಕ್ತಸ್ರಾವ ಆಗುತ್ತಿದ್ದವರಲ್ಲ. 'ರಕ್ತ ವಾಂತಿ ಮಾಡುವವನಿಗೆ 7ರ ತನಕ ಕಾಯೋದಾ? ಸಾಧ್ಯವೇ ಇಲ್ಲ' ಅಂತ ನಾವೆಲ್ಲ ಅಂದುಕೊಂಡೆವು.

ಆ ದಿನಗಳಲ್ಲೇ ನಡೆದದ್ದು ಇದು. ಆಗ ನಾನು ಬೇರೊಂದು ಊರಿನ ಆಸ್ಪತ್ರೆಯಲ್ಲಿ ಕಿರಿಯ ವೈದ್ಯ. ಲಿವರ್ ಕೆಟ್ಟು ಅನ್ನನಾಳದ ರಕ್ತನಾಳ ಊದಿ ಒಡೆದಿದ್ದ ಒಬ್ಬರು ದಾಖಲಾಗಿದ್ದರು. ರಕ್ತಸ್ರಾವ ನಿಂತಿತ್ತು, ಹಿಮೋಗ್ಲೋಬಿನ್ 8.5 ಇತ್ತು. ಮನೆಯವರು ರಕ್ತ ಕೊಡಲು ಸಾಲುಗಟ್ಟಿ ನಿಂತಿದ್ದರು. '10 ಮಾಡಿಬಿಡೋಣ, ಒಳ್ಳೇದೇ ಆಗುತ್ತೆ' ಅಂತ ನಾನೇ ಇನ್ನೆರಡು ಬಾಟಲಿ ಬರೆದೆ. ಅವತ್ತು ರಾತ್ರಿ ಅವರು ಮತ್ತೆ ರಕ್ತ ವಾಂತಿ ಮಾಡಿಕೊಂಡರು. ಅವರು ಉಳಿಯಲಿಲ್ಲ. ಆ ಕಾಯಿಲೆಯಲ್ಲಿ ರಕ್ತ ಹಾಕದಿದ್ದರೂ ಮತ್ತೆ ಒಡೆಯುವುದುಂಟು. ಆದರೂ ಅವರ ಹೆಂಡತಿಯ ಮುಖ ನನಗೆ ಇವತ್ತಿಗೂ ನೆನಪಿದೆ.

2013ರಲ್ಲಿ ಸ್ಪೇನಿನ ಬಾರ್ಸಿಲೋನಾದ ಅಧ್ಯಯನವನ್ನು ಓದಿದಾಗ ಮೊದಲು ನೆನಪಾದದ್ದು ಅವರೇ. ಅದರಲ್ಲಿದ್ದ 921 ಜನರೂ ನಿಮ್ಮ ಅಪ್ಪಾಜಿಯ ಹಾಗೆ ಹೊಟ್ಟೆಯ ಮೇಲ್ಭಾಗದಿಂದ ರಕ್ತ ಹೋಗುತ್ತಿದ್ದವರು. ಒಂದು ಗುಂಪಿಗೆ 7ಕ್ಕಿಂತ ಇಳಿದಾಗ ರಕ್ತ, ಇನ್ನೊಂದಕ್ಕೆ 9ಕ್ಕಿಂತ ಇಳಿದಾಗ. ಆರು ವಾರದ ನಂತರ ಕಡಿಮೆ ರಕ್ತ ಪಡೆದವರಲ್ಲಿ ನೂರಕ್ಕೆ 95 ಜನ ಬದುಕಿದ್ದರು. ಜಾಸ್ತಿ ಪಡೆದವರಲ್ಲಿ 91. ಮತ್ತೆ ರಕ್ತಸ್ರಾವ ಆದದ್ದು ಕಡಿಮೆ ಪಡೆದವರಲ್ಲಿ ನೂರಕ್ಕೆ 10 ಜನರಿಗೆ, ಜಾಸ್ತಿ ಪಡೆದವರಲ್ಲಿ 16 ಜನರಿಗೆ. ಲಿವರ್ ಕಾಯಿಲೆ ಇದ್ದವರಲ್ಲಿ ಜಾಸ್ತಿ ರಕ್ತ ಹಾಕಿದಾಗ ಲಿವರ್‌ಗೆ ಹೋಗುವ ರಕ್ತನಾಳದ ಒತ್ತಡ ಏರಿದ್ದನ್ನು ಅಳೆದೇ ತೋರಿಸಿದರು. ಮತ್ತೆ ಅದೇ ನಾಲೆ ಮಾತು. ಹೊಸದಾಗಿ ಮಣ್ಣು ಮೆತ್ತಿದ ಬದುವಿಗೆ ನೀರು ತುಂಬಿ ಬಿಟ್ಟರೆ ಅದು ಅಲ್ಲೇ ಕಿತ್ತುಕೊಂಡು ಹೋಗುತ್ತದೆ.

ಹೀಗಾಗಿ ಈಗ ಹೊಟ್ಟೆಯೊಳಗಿನ ರಕ್ತಸ್ರಾವ ಹತೋಟಿಯಲ್ಲಿದ್ದು ಬಿಪಿ ಸರಿ ಇದ್ದರೆ 7ಕ್ಕಿಂತ ಇಳಿದಾಗ ರಕ್ತ ಹಾಕುತ್ತೇವೆ. 7ರಿಂದ 9ರ ನಡುವೆ ನಿಲ್ಲಿಸುತ್ತೇವೆ. ಒಂದೊಂದೇ ಬಾಟಲಿ ಹಾಕಿ, ನೋಡಿ, ಮುಂದಿನದು. ದೊಡ್ಡವರಿಗೆ ಒಂದು ಬಾಟಲಿ ಕೆಂಪುಕಣ ಹೆಚ್ಚುಕಡಿಮೆ 1 ಪಾಯಿಂಟ್ ಏರಿಸುತ್ತದೆ. ನಿಮ್ಮ ಅಪ್ಪಾಜಿಗೆ 6.6 ಇತ್ತು, ಎರಡು ಹಾಕಿದರು, 8.2ಕ್ಕೆ ಬಂತು, ನಿಲ್ಲಿಸಿದರು. ನಾನಿದ್ದರೂ ಅಷ್ಟೇ ಮಾಡುತ್ತಿದ್ದೆ. ಅವರಿಗೆ ಹೃದಯದ ಕಾಯಿಲೆ ಇದ್ದಿದ್ದರೆ ಲೆಕ್ಕ ಬೇರೆ. ಅಂಥವರಿಗೆ 8ರ ಮೇಲೆ ಇಡುತ್ತೇವೆ. ಹಾರ್ಟ್ ಅಟ್ಯಾಕ್ ಆಗಿ ರಕ್ತವೂ ಕಡಿಮೆ ಇರುವವರ ಬಗ್ಗೆ 2023ರಲ್ಲಿ ಬಂದ 3500 ಜನರ ಅಧ್ಯಯನ ಖಚಿತ ವ್ಯತ್ಯಾಸ ತೋರಿಸಲಿಲ್ಲ. ಆದರೂ ತಕ್ಕಡಿ ಸ್ವಲ್ಪ ಜಾಸ್ತಿ ರಕ್ತದ ಕಡೆಗೇ ವಾಲಿತು. ಅಂಥವರಲ್ಲಿ ನಾನು 10ರ ಹತ್ತಿರ ಇಡಲು ಹಿಂಜರಿಯುವುದಿಲ್ಲ.

ರಕ್ತ ಅನ್ನುವುದು ಟಾನಿಕ್ ಬಾಟಲಿ ಅಲ್ಲ, ಇನ್ನೊಬ್ಬರ ದೇಹದ ಜೀವಂತ ಭಾಗ. ವಯಸ್ಸಾದವರಿಗೆ ಬೇಗ ಬೇಗ ಹಾಕಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು. ಜ್ವರ, ಅಲರ್ಜಿ ಬರಬಹುದು. ಗುಂಪು ತಪ್ಪಿದರೆ ಜೀವವೇ ಹೋಗಬಹುದು. ಆ ತಪ್ಪು ಹೆಚ್ಚಾಗಿ ಆಗುವುದು ಲ್ಯಾಬಿನ ಪರೀಕ್ಷೆಯಲ್ಲಲ್ಲ, ಹೆಸರು ಅದಲುಬದಲಾಗಿ. ಒಂದೇ ಹೆಸರಿನ ಇಬ್ಬರು ಒಂದೇ ವಾರ್ಡಿನಲ್ಲಿ ಇರುವುದು ನಮ್ಮ ಕಡೆ ಅಪರೂಪವೇನಲ್ಲ. ಅದಕ್ಕೇ ಬಾಟಲಿ ಹಾಕುವ ಮುಂಚೆ ನರ್ಸ್ ಹೆಸರು, ತಂದೆ ಹೆಸರು, ನಂಬರ್ ಅಂತ ಮತ್ತೆ ಮತ್ತೆ ಕೇಳುತ್ತಾರೆ. ಬೇಸರ ಮಾಡಿಕೊಳ್ಳದೆ ಹೇಳಿ. ಬ್ಲಡ್ ಬ್ಯಾಂಕಿನಿಂದ ಬಾಟಲಿ ತರುವವರು ನೀವಾದರೆ ಐಸ್ ಬಾಕ್ಸಿನಲ್ಲಿಟ್ಟು ನೇರ ತನ್ನಿ. ದಾರಿಯಲ್ಲಿ ನಿಲ್ಲಬೇಡಿ. ಫ್ರಿಜ್‌ನಿಂದ ತೆಗೆದ ಅರ್ಧ ಗಂಟೆಯೊಳಗೆ ಹಾಕಲು ಶುರು ಮಾಡಬೇಕು, ನಾಲ್ಕು ಗಂಟೆಯೊಳಗೆ ಮುಗಿಸಬೇಕು. ತಣ್ಣಗಿದೆ ಅಂತ ಬಿಸಿನೀರಿನಲ್ಲಿ ಇಡುವುದನ್ನು ನಾನೇ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ, ಕೆಂಪುಕಣ ಒಡೆದು ಹೋಗುತ್ತವೆ.

ಹಾಗಾದರೆ ಪಕ್ಕದ ಬೆಡ್‌ನ ಹುಡುಗನಿಗೆ ಹದಿನಾಲ್ಕು ಯಾಕೆ?

ಅವನದು ಬೇರೆಯೇ ಯುದ್ಧ. ಅರವತ್ತು ಕೆಜಿ ತೂಕದವರ ಮೈಯಲ್ಲಿ ಇರುವುದೇ ನಾಲ್ಕು ಲೀಟರಿಗಿಂತ ಸ್ವಲ್ಪ ಜಾಸ್ತಿ ರಕ್ತ. ಹೈವೇ ಅಪಘಾತದಲ್ಲಿ ಗುಲ್ಮ (ಸ್ಪ್ಲೀನ್) ಒಡೆದರೆ, ಸೊಂಟದ ಮೂಳೆ ಮುರಿದರೆ, ಅದರಲ್ಲಿ ಅರ್ಧದಷ್ಟು ರಕ್ತ ಒಂದು ಗಂಟೆಯೊಳಗೆ ಹೋಗಿಬಿಡಬಹುದು. ಅಲ್ಲಿ 7, 8 ಅಂತ ಕಾಯುತ್ತಾ ಕೂತರೆ ಹುಡುಗ ಉಳಿಯುವುದಿಲ್ಲ. ಕ್ರಾಸ್ ಮ್ಯಾಚಿಂಗ್‌ಗೂ (ರೋಗಿಯ ರಕ್ತಕ್ಕೆ ಬಾಟಲಿಯ ರಕ್ತ ಹೊಂದುತ್ತದೆಯಾ ಅಂತ ನೋಡುವ ಪರೀಕ್ಷೆ) ಪುರುಸೊತ್ತು ಇಲ್ಲದಿದ್ದರೆ ಒ ಗುಂಪಿನ ರಕ್ತ ಹಾಕಿ ಆಪರೇಷನ್‌ಗೆ ಒಯ್ಯುತ್ತೇವೆ.

ನೀವು ನೋಡಿದ ಹದಿನಾಲ್ಕರಲ್ಲಿ ಹಳದಿ ಬಣ್ಣದವೂ ಇದ್ದವಲ್ವಾ? ಬರೀ ಕೆಂಪುಕಣ ಹಾಕುತ್ತಾ ಹೋದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ತೆಳುವಾಗುತ್ತದೆ. ಆದ್ದರಿಂದ ಇಂಥವರಿಗೆ ಕೆಂಪುಕಣ, ಪ್ಲಾಸ್ಮಾ (ರಕ್ತದ ಹಳದಿ ದ್ರವ), ಪ್ಲೇಟ್‌ಲೆಟ್ (ಹೆಪ್ಪುಗಟ್ಟಿಸುವ ಕಣ) ಮೂರನ್ನೂ ಹೆಚ್ಚುಕಡಿಮೆ ಸಮಸಮನಾಗಿ ಹಾಕುತ್ತೇವೆ. 2015ರಲ್ಲಿ 680 ಗಾಯಾಳುಗಳ ಮೇಲೆ ಇದನ್ನು ನೋಡಿದ್ದರು. ಒಟ್ಟು ಸಾವಿನಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಆದರೆ ಸಮಸಮ ಹಾಕಿದಾಗ ಮೊದಲ ದಿನ ರಕ್ತ ಸೋರಿಯೇ ಸತ್ತವರು ಕಡಿಮೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ರಕ್ತವನ್ನು ಯಂತ್ರದಲ್ಲಿ ಬೆಚ್ಚಗೆ ಮಾಡಿ ಕೊಡುತ್ತೇವೆ. ಬಾಟಲಿಯಲ್ಲಿ ರಕ್ತ ಗಟ್ಟಿಯಾಗದಿರಲು ಹಾಕಿರುವ ಸಿಟ್ರೇಟ್ ರೋಗಿಯ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಹಾಗಾಗಿ ಕ್ಯಾಲ್ಸಿಯಂ ಕೊಡುತ್ತಲೇ ಇರಬೇಕು. ಒಂದೇ ಹುಡುಗನ ಸುತ್ತ ಅಷ್ಟು ಜನ ಓಡಾಡುತ್ತಿದ್ದುದು ಇದಕ್ಕೇ.

ಅವನಿಗೆ ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಇಂಜೆಕ್ಷನ್ ಕೂಡ ಕೊಟ್ಟಿರುತ್ತಾರೆ. 20,000ಕ್ಕೂ ಜಾಸ್ತಿ ಗಾಯಾಳುಗಳ ಮೇಲಿನ ಅಧ್ಯಯನ 2010ರಲ್ಲಿ ಬಂತು. ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಅದು ಜೀವ ಉಳಿಸುತ್ತದೆ. ಆದರೆ ಅದೇ ಇಂಜೆಕ್ಷನ್ ಹೊಟ್ಟೆಯೊಳಗಿನ ರಕ್ತಸ್ರಾವಕ್ಕೆ ಪ್ರಯೋಜನವಾಗಲಿಲ್ಲ. 2020ರಲ್ಲಿ 12,009 ಜನರಲ್ಲಿ ನೋಡಿದರು. ಸಾವು ಕಡಿಮೆ ಆಗಲಿಲ್ಲ, ಕಾಲಿನ ಮತ್ತು ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಮಾತ್ರ ಜಾಸ್ತಿಯಾಯಿತು. ಎರಡೂ ರಕ್ತಸ್ರಾವವೇ. ಆದರೂ ಒಬ್ಬನಿಗೆ ಅಮೃತವಾದದ್ದು ಇನ್ನೊಬ್ಬರಿಗೆ ಆಗಿಬರಲಿಲ್ಲ.

ಇದೇ ಮಾತಿಗೆ ನಮ್ಮ ಹೊಲದ ಒಂದು ವಿಷಯ ಸೇರಿಸುತ್ತೇನೆ. ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮೆಕ್ಕೆಜೋಳದ ಹೊಲದಲ್ಲಿ ಕೊಳಕುಮಂಡಲ ಕಚ್ಚಿ ಬರುವವರಿಗೆ ವಸಡಿನಿಂದ, ಮೂತ್ರದಲ್ಲಿ, ಕಚ್ಚಿದ ಜಾಗದಿಂದ ರಕ್ತ ಸೋರುತ್ತದೆ. ಅಲ್ಲೂ ಮನೆಯವರು ರಕ್ತ ಹಾಕಿ ಅಂತಾರೆ. ಆ ವಿಷ ರಕ್ತದಲ್ಲಿರುವ ಹೆಪ್ಪುಗಟ್ಟುವ ಅಂಶಗಳನ್ನೆಲ್ಲ ತಿಂದುಹಾಕುತ್ತಿರುತ್ತದೆ. ವಿಷ ಒಳಗಿರುವಾಗ ಪ್ಲಾಸ್ಮಾ ಹಾಕಿದರೆ ಅದನ್ನೂ ತಿನ್ನುತ್ತದೆ. ಮೊದಲು ಬೇಕಾದ್ದು ಹಾವಿನ ವಿಷದ ಪ್ರತಿವಿಷ. ಒಣಗಿದ ಸ್ವಚ್ಛ ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟು ನೋಡಿದರೆ ಸಾಕು, ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಅಂತ ಲೆಕ್ಕ. ಈ ಪರೀಕ್ಷೆಗೆ ದೊಡ್ಡ ಆಸ್ಪತ್ರೆಯೇ ಬೇಕಿಲ್ಲ. ಡೆಂಗೆಯಲ್ಲೂ ಅಷ್ಟೇ. 'ಬಿಳಿ ರಕ್ತಕಣ ಕಡಿಮೆ ಆಗಿದೆ' ಅಂತ ಜನ ಪ್ಲೇಟ್‌ಲೆಟ್‌ಗಾಗಿ ರಾತ್ರಿಯೆಲ್ಲ ಅಲೆಯುತ್ತಾರೆ. ಪ್ಲೇಟ್‌ಲೆಟ್ ಬಿಳಿ ರಕ್ತಕಣವಲ್ಲ, ಅದು ಬೇರೆ. ರಕ್ತಸ್ರಾವ ಇಲ್ಲದೆ ಸಂಖ್ಯೆ ಮಾತ್ರ 30,000, 40,000 ಇದ್ದರೆ ಹಾಕಬೇಕಾಗಿಲ್ಲ.

ಇನ್ನು ನಿಮ್ಮ ರಕ್ತವನ್ನೇ ಯಾಕೆ ಹಾಕಲಿಲ್ಲ ಅನ್ನುವುದು. ಇದು ನಿಮಗೆ ತುಂಬಾ ನೋವು ಕೊಟ್ಟಿರಬೇಕು ಅಂತ ಪತ್ರ ಓದುವಾಗಲೇ ಅನಿಸಿತು. ಅಪ್ಪನಿಗೆ ಮಗನ ರಕ್ತಕ್ಕಿಂತ ಒಳ್ಳೆಯದು ಯಾವುದು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಹತ್ತಿರದ ರಕ್ತಸಂಬಂಧವೇ ಇಲ್ಲಿ ತೊಡಕು. ಬೇರೆಯವರ ರಕ್ತದಲ್ಲಿರುವ ಬಿಳಿಕಣಗಳನ್ನು ದೇಹ ಹೊರಗಿನವು ಅಂತ ಗುರುತಿಸಿ ಕೊಂದುಹಾಕುತ್ತದೆ. ಮಗನ ಬಿಳಿಕಣಗಳು ಕೆಲವೊಮ್ಮೆ ಅಪ್ಪನ ದೇಹಕ್ಕೆ ತನ್ನವೇ ಅನಿಸಿಬಿಡುತ್ತವೆ. ಅವು ಅಲ್ಲೇ ಬೇರೂರಿ ಚರ್ಮ, ಕರುಳು, ಲಿವರ್, ಮೂಳೆಮಜ್ಜೆಯ ಮೇಲೆ ತಿರುಗಿ ಬೀಳುತ್ತವೆ. ಇದು ಬಹಳ ಅಪರೂಪ. ಆದರೆ ಬಂದರೆ ಉಳಿಯುವವರು ತೀರಾ ಕಡಿಮೆ. ಹತ್ತಿರದವರ ರಕ್ತ ಹಾಕಲೇಬೇಕಾದರೆ ಅದಕ್ಕೆ ಮೊದಲು ವಿಕಿರಣ ಕೊಡಬೇಕು. ಅಷ್ಟೆಲ್ಲ ಮಾಡುವುದಕ್ಕಿಂತ ಬೇರೆಯವರದು ಹಾಕುವುದು ಸುಲಭ, ಕ್ಷೇಮ. ಜೊತೆಗೆ ಯಾರ ರಕ್ತವಾದರೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮುಗಿಸದೆ ಕೊಡುವ ಹಾಗಿಲ್ಲ. ಅದಕ್ಕೆ ಸಮಯ ಬೇಕು. ನೀವು ಆಗ ಕೊಟ್ಟಿದ್ದರೂ ಆಗಲೇ ಹಾಕಲು ಬರುತ್ತಿರಲಿಲ್ಲ.

ಆ ಎಂಟು ಜನರ ಬಗ್ಗೆ ಒಂದು ಮಾತು. ಅವರನ್ನು ವಾಪಸ್ ಕಳಿಸಿದ್ದರೆ ಬೇಸರ ಬೇಡ, ಅವರ ಮನಸ್ಸು ದೊಡ್ಡದು. ದುಡ್ಡಿಗೆ ರಕ್ತ ಮಾರುವುದನ್ನು ಸುಪ್ರೀಂ ಕೋರ್ಟ್ 1996ರ ತೀರ್ಪಿನಲ್ಲಿ ತಡೆಯಿತು, 1998ರ ಜನವರಿಯಿಂದ ಅದು ಪೂರ್ತಿ ನಿಷೇಧವಾಯಿತು. ಆಮೇಲೆ ನಮ್ಮ ಬ್ಲಡ್ ಬ್ಯಾಂಕುಗಳು ನಡೆಯುತ್ತಿರುವುದು ಇಂಥವರಿಂದಲೇ. ಆದರೆ ತುರ್ತು ಬಂದಾಗ ಎಂಟು ಜನ ಒಟ್ಟಿಗೆ ಬರುವುದಕ್ಕಿಂತ ಎರಡೆರಡು ಜನ ಬೇರೆ ಬೇರೆ ತಿಂಗಳು ಬಂದು ಕೊಟ್ಟು ಹೋದರೆ ಜಾಸ್ತಿ ಉಪಕಾರ. ಕೆಂಪುಕಣ ಐದಾರು ವಾರ ಮಾತ್ರ ಇಡಬಹುದು, ಪ್ಲೇಟ್‌ಲೆಟ್ ಐದೇ ದಿನ. ಯಾವಾಗಲೂ ಸ್ವಲ್ಪ ಸ್ವಲ್ಪ ಒಳಗೆ ಬರುತ್ತಿರಬೇಕು. 18ರಿಂದ 65 ವರ್ಷದೊಳಗಿನ, 45 ಕೆಜಿಗಿಂತ ಕಡಿಮೆ ತೂಕ ಇಲ್ಲದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಆ ರಾತ್ರಿ ಪಕ್ಕದ ಬೆಡ್‌ನ ಹುಡುಗನಿಗೆ ಹದಿನಾಲ್ಕು ಬಾಟಲಿ ಸಿಕ್ಕಿದ್ದು ಯಾರೋ ಎಂದೋ ಸುಮ್ನೆ ಬಂದು ಕೊಟ್ಟು ಹೋಗಿದ್ದರಿಂದ.

ಈಗ ಅಪ್ಪಾಜಿಯ ಸುಸ್ತು. 8.4 ಇದ್ದರೆ ಸುಸ್ತು ಇರುವುದು ಸಹಜ. ಅದನ್ನು ರಕ್ತದ ಬಾಟಲಿಯಿಂದ ಏರಿಸಬೇಕಾಗಿಲ್ಲ, ಅವರ ಮೂಳೆಮಜ್ಜೆಯೇ ಏರಿಸುತ್ತದೆ. ಅದಕ್ಕೆ ಕಬ್ಬಿಣದ ಅಂಶ ಬೇಕು. ರಾಗಿ, ಸೊಪ್ಪು, ಬೆಲ್ಲ ಒಳ್ಳೆಯದೇ, ತಿನ್ನಲಿ. ಆದರೆ ಇಷ್ಟು ರಕ್ತ ಹೋದಾಗ ಊಟವೊಂದೇ ಸಾಲದು. ವೈದ್ಯರು ಬರೆದ ಕಬ್ಬಿಣದ ಮಾತ್ರೆಯನ್ನು ಎರಡು ಮೂರು ತಿಂಗಳು ಬಿಡದೆ ಕೊಡಿ. ಚಹಾ ಜೊತೆ ಬೇಡ, ನಿಂಬೆ ಪಾನಕದ ಜೊತೆ ಆಗಬಹುದು. ಮಾತ್ರೆ ಹೊಟ್ಟೆಗೆ ಆಗದಿದ್ದರೆ ಡ್ರಿಪ್‌ನಲ್ಲಿ ಕೊಡುವ ಕಬ್ಬಿಣವೂ ಇದೆ. ನಾಲ್ಕು ವಾರಕ್ಕೆ ಮತ್ತೆ ಹಿಮೋಗ್ಲೋಬಿನ್ ನೋಡಿಸಿ. 1ರಿಂದ 2 ಪಾಯಿಂಟ್ ಏರಿರಬೇಕು. ಎದೆನೋವು, ಕೂತಲ್ಲೇ ಏದುಸಿರು, ತಲೆ ತಿರುಗಿ ಬೀಳುವುದು ಇದ್ದರೆ ನಾಲ್ಕು ವಾರ ಕಾಯಬೇಡಿ.

ಒಂದು ವಿಷಯ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಅಪ್ಪಾಜಿ ಮಂಡಿ ನೋವಿಗೆ, ಸೊಂಟ ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಿದ್ದರಾ? ಈ ವಯಸ್ಸಿನಲ್ಲಿ ಹುಣ್ಣು ಒಡೆದು ಬರುವವರಲ್ಲಿ ತುಂಬಾ ಜನ ಹಾಗೇ ತಿಂಗಳುಗಟ್ಟಲೆ ನುಂಗಿರುತ್ತಾರೆ. ಹಾಗಿದ್ದರೆ ಅದನ್ನು ಇವತ್ತೇ ನಿಲ್ಲಿಸಿ, ನೋವಿಗೆ ಬೇರೆ ದಾರಿ ವೈದ್ಯರನ್ನು ಕೇಳಿ. ಹುಣ್ಣಿಗೆ ಕಾರಣವಾಗುವ ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾದ ಪರೀಕ್ಷೆ ಆಗಿದೆಯಾ ಅಂತ ಡಿಸ್ಚಾರ್ಜ್ ಚೀಟಿ ನೋಡಿ. ಆಗಿಲ್ಲದಿದ್ದರೆ ಮಾಡಿಸಿ. ಇದ್ದರೆ ಒಂದೆರಡು ವಾರದ ಔಷಧಿ. ಮತ್ತೆ ಹುಣ್ಣಾಗದಂತೆ ತಡೆಯುವಲ್ಲಿ ಇದರ ಪಾಲು ದೊಡ್ಡದು.

ಇನ್ನೊಂದು, ಕಬ್ಬಿಣದ ಮಾತ್ರೆ ಶುರು ಮಾಡಿದ ಮೇಲೆ ಮಲ ಕಪ್ಪಗಾಗುತ್ತದೆ. ಅದನ್ನು ನೋಡಿ ಮನೆಯವರೆಲ್ಲ ಗಾಬರಿಯಾಗಬೇಡಿ. ಮಾತ್ರೆಯಿಂದಾದ ಕಪ್ಪು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ, ಸ್ವಲ್ಪ ಹಸಿರು ಮಿಶ್ರಿತ. ರಕ್ತದಿಂದಾದರೆ ಡಾಂಬರಿನ ಹಾಗೆ ಅಂಟಂಟಾಗಿ ಹೊಳೆಯುತ್ತದೆ, ಕೆಟ್ಟ ನಾತ ಬರುತ್ತದೆ. ಅಂಥದ್ದು ಕಂಡರೆ, ಅಥವಾ ಯಾವುದು ಅಂತ ಗೊತ್ತಾಗದಿದ್ದರೂ, ಬೆಳಗಾಗಲಿ ಅಂತ ಕಾಯಬೇಡಿ. ಎಷ್ಟು ಹೊತ್ತಾಗಿದ್ದರೂ ಗಾಡಿ ಮಾಡಿಕೊಂಡು ದಾವಣಗೆರೆಗೆ ಹೊರಟುಬಿಡಿ. ಡಿಸ್ಚಾರ್ಜ್ ಚೀಟಿ ಮತ್ತು ರಕ್ತದ ಗುಂಪಿನ ಚೀಟಿ ಎರಡನ್ನೂ ಈಗಲೇ ಒಂದು ಕವರಿನಲ್ಲಿ ಹಾಕಿ ಕೈಗೆ ಸಿಗುವ ಕಡೆ ಇಟ್ಟುಕೊಳ್ಳಿ.